ಬುಡದಿಂದ ಎದ್ದ ಮಾರ್ಗೋ

ಬೋರ್ಡೋ ಸೀಮೆಯ ಹಳೆಯ ವೈನ್ ತೋಟಗಳ ಜೀರ್ಣೋದ್ಧಾರದ ಮಾತು ಬಂದರೆ ಶಾಟೊ ಮಾರ್ಗೋದ ಹೆಸರು ಬಂದೇ ಬರುತ್ತದೆ. ಎಲ್ಲರೂ ಹೇಳುವ ಕತೆ ಇಷ್ಟು: ಗ್ರೀಸ್ ಮೂಲದ ಸಿರಿವಂತ ವ್ಯಾಪಾರಿಯೊಬ್ಬರು ಸೊರಗಿದ್ದ ತೋಟವನ್ನು ಕೊಂಡು ಹಣ ಸುರಿದರು, ಅವರ ಮಗಳು ಅದನ್ನು ಮತ್ತೆ ಮೇಲಕ್ಕೆ ತಂದರು. ಈ ಕತೆಯಲ್ಲಿ ಸುಳ್ಳಿಲ್ಲ, ಆದರೆ ತಿರುಳೇ ಬಿಟ್ಟುಹೋಗಿದೆ. ಮೆಂಟ್ಸೆಲೋಪೂಲೋಸ್ ಕುಟುಂಬ ಮಾಡಿದ ಎಲ್ಲ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದೇ. ತಮ್ಮ ತೋಟದಲ್ಲೇ ಬೆಳೆದ ದ್ರಾಕ್ಷಿಯ ಬಹುಪಾಲಿಗೆ ಆ ಪ್ರಸಿದ್ಧ ಹೆಸರನ್ನು ಕೊಡಲು ಅವರು ಒಪ್ಪಲಿಲ್ಲ.

ಮಾರ್ಗೋಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. 1855ರಲ್ಲಿ ಬೋರ್ಡೋ ವೈನ್‌ಗಳಿಗೆ ದರ್ಜೆ ಕಟ್ಟಿದಾಗ ಮೊದಲ ದರ್ಜೆಗೆ ಸೇರಿದ ನಾಲ್ಕರಲ್ಲಿ ಇದೂ ಒಂದು. ವಾಸ್ತುಶಿಲ್ಪಿ ಲೂಯಿ ಕೋಂಬ್ 1810ರ ದಶಕದಲ್ಲಿ ಕಟ್ಟಿದ ಕಂಬಸಾಲಿನ ಸೌಧ 1946ರಿಂದ ಸಂರಕ್ಷಿತ ಸ್ಮಾರಕ. ಇಷ್ಟೆಲ್ಲ ಇದ್ದೂ 1960 ಮತ್ತು 70ರ ದಶಕದಲ್ಲಿ ಬಾಟಲಿಯೊಳಗಿನ ವೈನ್ ಹೆಸರಿಗೆ ತಕ್ಕಂತಿರಲಿಲ್ಲ. 1973ರ ನಂತರ ಬೋರ್ಡೋ ಮಾರುಕಟ್ಟೆಯೇ ಕುಸಿಯಿತು. ವೈನ್ ವ್ಯಾಪಾರಿಗಳೂ ಆಗಿದ್ದ ಮಾಲೀಕರು, ಜಿನೆಸ್ತೆ ಕುಟುಂಬದವರು, ತೋಟ ಮಾರದೆ ಗತಿಯಿಲ್ಲ ಎಂಬ ಸ್ಥಿತಿಗೆ ಬಂದರು. ಅಮೆರಿಕದ ಕಂಪನಿಯೊಂದು ಕೊಳ್ಳಲು ಮುಂದಾದಾಗ ಫ್ರೆಂಚ್ ಸರ್ಕಾರ ತಡೆಯಿತು. 1977ರಲ್ಲಿ ಅದು ಆಂದ್ರೆ ಮೆಂಟ್ಸೆಲೋಪೂಲೋಸ್ ಅವರ ಕೈಸೇರಿತು. ಫೆಲಿಕ್ಸ್ ಪೋತಾಂ ಎಂಬ ದಿನಸಿ ಅಂಗಡಿಗಳ ಸರಣಿಯ ಒಡೆಯರಾದ ಅವರಿಗೆ ವೈನ್ ಮಾಡಿ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗೆ ಒಪ್ಪಿಸುವ ವಿವೇಕ ಅವರಲ್ಲಿತ್ತು. ಬೋರ್ಡೋದ ಹೆಸರಾಂತ ವೈನ್ ವಿಜ್ಞಾನಿ ಎಮಿಲ್ ಪೇನೋ ಅವರನ್ನು ಸಲಹೆಗಾರರಾಗಿ ಕರೆತಂದರು. ಬಸಿಗಾಲುವೆ ದುರಸ್ತಿ ಮಾಡಿಸಿದರು, ಹೊಸ ಬಳ್ಳಿ ನೆಡಿಸಿದರು. ಮಾರ್ಗೋದ ಗರಸು ಮಣ್ಣಿನಲ್ಲಿ ನೀರು ಬಸಿದು ಹೋದರಷ್ಟೇ ಬೇರು ಆಳಕ್ಕಿಳಿಯುತ್ತದೆ. ನೀರು ನಿಂತರೆ ಹಣ್ಣಿನ ಸತ್ವ ತೆಳುವಾಗುತ್ತದೆ. ಆದರೆ ಹೊಸದಾಗಿ ನೆಟ್ಟ ಬಳ್ಳಿ ಒಳ್ಳೆಯ ವೈನ್ ಕೊಡಲು ಹಲವು ವರ್ಷ ಬೇಕು. ಹೀಗಿರುವಾಗ 1978ರ ವೈನ್ ಬಂದೊಡನೆಯೇ ಮಾರ್ಗೋ ಮರಳಿತು ಎಂದು ಜನ ಕೊಂಡಾಡಿದ್ದು ಹೇಗೆ? ಆ ವರ್ಷದ ಹಣ್ಣು ಹಳೆಯ ಬಳ್ಳಿಗಳದ್ದೇ. ಬದಲಾದದ್ದು ಆಯ್ಕೆಯ ಕಟ್ಟುನಿಟ್ಟು ಮತ್ತು ಪೀಪಾಯಿಯ ಆರೈಕೆ. ನೆಲ ಕೆಟ್ಟಿರಲಿಲ್ಲ, ನಿರ್ಧಾರಗಳು ಕೆಟ್ಟಿದ್ದವು. ಈ ಜೀರ್ಣೋದ್ಧಾರದ ಬಗ್ಗೆ ಬರೆಯುವವರು ಸುರಿದ ಹಣವನ್ನೇ ಎಣಿಸುತ್ತ ಈ ಸಂಗತಿಯನ್ನು ದಾಟಿಬಿಡುತ್ತಾರೆ ಎಂಬುದು ನನ್ನ ಆಕ್ಷೇಪ.

ಆಯ್ಕೆ ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ತೋಟದ ಒಂದೊಂದು ತುಂಡಿನ ಹಣ್ಣಿನಿಂದ ಬಂದ ವೈನನ್ನೂ ಬೇರೆಯಾಗಿಯೇ ಇಟ್ಟು, ಸುಗ್ಗಿ ಮುಗಿದ ಮೇಲೆ ಒಂದೊಂದನ್ನೇ ರುಚಿ ನೋಡಿ ಯಾವುದು ಎಲ್ಲಿಗೆ ಎಂದು ತೀರ್ಮಾನಿಸುತ್ತಾರೆ. ಎಳೆಯ ಬಳ್ಳಿಯದ್ದು, ತುಸು ತೆಳುವಾದದ್ದು ಪಾವಿಯೋಂ ರೂಜ್ ಎಂಬ ಎರಡನೇ ವೈನ್‌ಗೆ ಹೋಗುತ್ತದೆ. ಹಿಂದೆ ಇದ್ದು ಕೈಬಿಟ್ಟುಹೋಗಿದ್ದ ಈ ಹೆಸರಿಗೆ ಮತ್ತೆ ಜೀವ ಕೊಟ್ಟದ್ದು ಈ ಕುಟುಂಬ. ಇತ್ತೀಚಿನ ಒಳ್ಳೆಯ ವರ್ಷಗಳಲ್ಲೂ ಶಾಟೊ ಮಾರ್ಗೋ ಎಂಬ ಲೇಬಲ್ ಬೀಳುವುದು ಒಟ್ಟು ಫಸಲಿನ ಸುಮಾರು ಮೂರನೇ ಒಂದು ಭಾಗಕ್ಕೆ. ಉಳಿದದ್ದೂ ಅದೇ ನೆಲದ್ದು, ಅದೇ ಕೈಗಳದ್ದು. ಮೊದಲ ಲೇಬಲ್ ಅಂಟಿಸಿದ್ದರೆ ಎಷ್ಟೋ ಪಾಲು ಹೆಚ್ಚಿನ ಬೆಲೆಗೆ ಹೋಗುತ್ತಿತ್ತು. ವರ್ಷ ವರ್ಷವೂ ಆ ಹಣ ಬೇಡ ಎನ್ನುವುದು ಸಣ್ಣ ಮಾತಲ್ಲ.

1978ರ ವೈನ್ ಹದಕ್ಕೆ ಬರುವ ಮೊದಲೇ, 1980ರ ಡಿಸೆಂಬರಿನಲ್ಲಿ, ಆಂದ್ರೆ ತೀರಿಕೊಂಡರು. 27 ವರ್ಷದ ಮಗಳು ಕೊರಿನ್, ತಾಯಿ ಲಾರಾ ಜೊತೆಗೂಡಿ, ಹೊಣೆ ಹೊತ್ತರು. 1982ರಲ್ಲಿ ಪೂರ್ಣಗೊಂಡ ನೆಲಮಾಳಿಗೆ ಈ ಕುಟುಂಬದ ರೀತಿಗೆ ಒಳ್ಳೆಯ ನಿದರ್ಶನ. ಎರಡನೇ ವರ್ಷದ ಪೀಪಾಯಿಗಳಿಗೆ ತಂಪು ಜಾಗ ಬೇಕಿತ್ತು. ಹಳೆಯ ಸೌಧದ ನೋಟಕ್ಕೆ ಧಕ್ಕೆಯಾಗದಂತೆ ಅದನ್ನು ನೆಲದಡಿಯಲ್ಲಿ ಕಟ್ಟಿದರು. 225 ಲೀಟರಿನ ಓಕ್ ಪೀಪಾಯಿಗಳ ಸಾಲು, ಕೆಲವು ತಿಂಗಳಿಗೊಮ್ಮೆ ತಿಳಿಯನ್ನು ಮಾತ್ರ ಬಸಿದುಕೊಂಡು ಗಸಿಯನ್ನು ಹಿಂದೆ ಬಿಡುವ ಕೆಲಸ, ವೈನ್ ತಿಳಿಯಾಗಲು ಬೆರೆಸುವ ಮೊಟ್ಟೆಯ ಬಿಳಿಭಾಗ: ಹಳೆಯ ಪದ್ಧತಿಯನ್ನು ಅವರು ಬಿಡಲಿಲ್ಲ. 2015ರಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ ಹೊಸ ಕಟ್ಟಡವೂ ಹೆಂಚಿನ ಮಾಡು ಹೊತ್ತು ಹಳೆಯದರ ಪಕ್ಕದಲ್ಲಿ ತಗ್ಗಿ ನಿಂತಿದೆ. ನನಗೆ ಅದು ಮೆಚ್ಚುಗೆಯಾಯಿತು.

ಮೆಚ್ಚಲಾಗದ್ದೂ ಇದೆ. ಕುಟುಂಬದ ಸಾಧನೆ ಎನ್ನುವಾಗ 1983ರಲ್ಲಿ ಸೇರಿ 2016ರಲ್ಲಿ ಸಾಯುವವರೆಗೂ ಅಲ್ಲೇ ವೈನ್ ತಯಾರಿಕೆಯ ಹೊಣೆ ಹೊತ್ತು ದುಡಿದ ಪೋಲ್ ಪೋಂತಾಲ್ಯೇ ಅವರ ಹೆಸರು ಅಡಿಟಿಪ್ಪಣಿಗೆ ಇಳಿಯಬಾರದು. ಬಳ್ಳಿ ಸವರುವ, ಗೊಂಚಲು ಕೊಯ್ಯುವ ಕೈಗಳ ಹೆಸರಂತೂ ಎಲ್ಲೂ ಬರುವುದಿಲ್ಲ. ಒಡೆತನವೂ ಅಖಂಡವಾಗಿ ಉಳಿದದ್ದಲ್ಲ: 1990ರ ದಶಕದಲ್ಲಿ ಇಟಲಿಯ ಆನ್ಯೆಲ್ಲಿ ಕುಟುಂಬ ದೊಡ್ಡ ಪಾಲು ಹೊಂದಿತ್ತು, 2003ರಲ್ಲಿ ಕೊರಿನ್ ಅದನ್ನು ಮರಳಿ ಕೊಂಡರು. ಎಲ್ಲಕ್ಕಿಂತ ನೋಯಿಸುವುದು ಬೆಲೆ. ಇಷ್ಟು ಶ್ರದ್ಧೆಯಿಂದ ಉಳಿಸಿದ ವೈನ್ ಇಂದು ಮಾರ್ಗೋ ಇರುವ ಮೆದೋಕ್‌ನ ಸಾಮಾನ್ಯ ಕುಟುಂಬದ ಊಟದ ಮೇಜಿಗೂ ಬರಲಾರದು. ಎಷ್ಟೋ ಬಾಟಲಿಗಳು ತೆರೆಯದೆಯೇ ಹೂಡಿಕೆಯಾಗಿ ಕೈ ಬದಲಾಯಿಸುತ್ತವೆ. ಕುಡಿಯಲೆಂದು ಮಾಡಿದ್ದಕ್ಕೆ ಇದು ನ್ಯಾಯವಲ್ಲ.

ಈಗ ಕೊರಿನ್ ಅವರ ಮಕ್ಕಳಾದ ಅಲೆಕ್ಸಾಂದ್ರಾ ಮತ್ತು ಅಲೆಕ್ಸಿಸ್ ತೋಟದ ಹೊಣೆಯಲ್ಲಿದ್ದಾರೆ. ಬಿಸಿಲು ಏರುಪೇರಾಗಿ ಫಸಲು ತಗ್ಗಿದ ವರ್ಷದಲ್ಲೂ ಅವರು ಆ ಮೂರನೇ ಒಂದರ ಶಿಸ್ತನ್ನು ಸಡಿಲಿಸದಿದ್ದರೆ ಈ ಜೀರ್ಣೋದ್ಧಾರ ಮುಂದುವರಿದಂತೆ. ಸಡಿಲಿಸಿದರೆ, ಕಂಬಗಳು ಎಷ್ಟೇ ಗಟ್ಟಿಯಾಗಿ ನಿಂತಿದ್ದರೂ, ಮಾರ್ಗೋ 1977ಕ್ಕಿಂತ ಹಿಂದಿನ ಸ್ಥಿತಿಗೆ ಮರಳಿದಂತೆ.