ಹರಿದ ಭಿತ್ತಿಪತ್ರಗಳೂ ಕರ್ತೃತ್ವದ ಪ್ರಶ್ನೆಯೂ

ಕೃತಿಯೊಂದನ್ನು ಕಂಡೊಡನೆ ಅದರ ಕರ್ತೃವಾರೆಂದು ಕೇಳುವುದು ವಿದ್ವಾಂಸರಿಗೆ ಸಹಜವಾದ ಅಭ್ಯಾಸ. ಕಾವ್ಯದಲ್ಲಿ ಅಂಕಿತವನ್ನೂ, ಶಾಸನದಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರುಗಳನ್ನೂ, ಚಿತ್ರದಲ್ಲಿ ಮೂಲೆಯ ಸಹಿಯನ್ನೂ ಹುಡುಕುವುದು ಈ ಅಭ್ಯಾಸದಿಂದಲೇ. ಆದರೆ ಕರ್ತೃವು ಒಬ್ಬನಲ್ಲದೆ ಹಲವರಾಗಿದ್ದು, ಆ ಹಲವರಲ್ಲಿ ಯಾರಿಗೂ ತಾವು ಕೃತಿಯೊಂದನ್ನು ರಚಿಸುತ್ತಿರುವೆವೆಂಬ ಅರಿವೇ ಇಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರವೇನು? 1957ನೆಯ ಇಸವಿ ಮೇ 24ರಂದು ಪ್ಯಾರಿಸ್ ನಗರದಲ್ಲಿ ತೆರೆದ ಒಂದು ಸಣ್ಣ ಚಿತ್ರಪ್ರದರ್ಶನವು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಟ್ಟಿತು. ಚಿತ್ರಕಲೆಯ ಚರಿತ್ರೆಯಲ್ಲಿ ಅದಕ್ಕೆ ಸ್ಥಾನ ದೊರೆತಿರುವುದು ನಿಜ. ಆದರೆ ಪಾಠ, ಪಾಠಾಂತರ, ಸಂಪಾದನೆಗಳ ವಿಷಯದಲ್ಲಿ ಆಲೋಚಿಸುವವರಿಗೂ ಅದರಿಂದ ತಿಳಿಯತಕ್ಕುದು ಬಹಳವಿದೆ.

ಪ್ರದರ್ಶನವು ನಡೆದುದು ಕೊಲೆಟ್ ಅಲಾಂದಿ ಎಂಬ ಮಹಿಳೆಯ ಚಿತ್ರಶಾಲೆಯಲ್ಲಿ. ಮನೋವಿಶ್ಲೇಷಣ ಶಾಸ್ತ್ರದಲ್ಲಿ ಹೆಸರಾಗಿದ್ದ ರೆನೆ ಅಲಾಂದಿಯ ಪತ್ನಿಯಾದ ಈಕೆಯು ಪತಿಯ ಮರಣಾನಂತರ, ನಗರದ 16ನೆಯ ವಿಭಾಗದಲ್ಲಿದ್ದ ತಮ್ಮ ಮನೆಯಲ್ಲಿಯೇ ಚಿತ್ರಶಾಲೆಯನ್ನು ನಡೆಸಿ, ಹೊಸ ದಾರಿಯ ಕಲೆಗಾರರಿಗೆ ಆಶ್ರಯವಿತ್ತರು. ಅಲ್ಲಿ ತಮ್ಮ ಸಂಗ್ರಹವನ್ನು ತೂಗುಹಾಕಿದವರು ರೇಮೊಂ ಹೇನ್ಸ್ ಮತ್ತು ಜಾಕ್ ವಿಲೆಗ್ಲೇ. ಇಬ್ಬರೂ 1926ರಲ್ಲಿ ಹುಟ್ಟಿದವರು. ಇಬ್ಬರೂ ಬ್ರಿಟನಿ ಪ್ರಾಂತದವರು. 1945ರಲ್ಲಿ ರೆನ್ ನಗರದ ಕಲಾಶಾಲೆಯಲ್ಲಿ ಸ್ನೇಹಿತರಾದವರು. ಅವರು ತೂಗುಹಾಕಿದುದು ತಾವು ಬರೆದ ಚಿತ್ರಗಳನ್ನಲ್ಲ. ಪ್ಯಾರಿಸಿನ ಬೀದಿಗೋಡೆಗಳ ಮೇಲೆ ಒಂದರ ಮೇಲೊಂದಾಗಿ ಅಂಟಿಸಿದ್ದ, ದಾರಿಹೋಕರ ಕೈಯಿಂದಲೂ ಮಳೆಗಾಳಿಗಳಿಂದಲೂ ಹರಿದು ಜೀರ್ಣವಾಗಿದ್ದ ಭಿತ್ತಿಪತ್ರಗಳನ್ನು ಪದರಪದರವಾಗಿಯೇ ಕಿತ್ತು ತಂದು, ಬಟ್ಟೆಯ ಮೇಲೆ ಅಂಟಿಸಿ ಚಿತ್ರಗಳಂತೆ ಇಟ್ಟಿದ್ದರು. ಕಾಗದ, ಅಂಟು, ಮುದ್ರಣದ ಮಸಿ, ಬೀದಿಯ ಧೂಳು, ಇವೇ ಅಲ್ಲಿಯ ದ್ರವ್ಯಗಳು.

ಪ್ರದರ್ಶನಕ್ಕೆ ಅವರು ಕೊಟ್ಟ ಹೆಸರು 'ಜುಲೈ 29, 1881ರ ಕಾಯಿದೆ' ಎಂದು. ಇದರ ಸ್ವಾರಸ್ಯವನ್ನು ತಿಳಿಯದೆ ಪ್ರದರ್ಶನದ ಸ್ವಾರಸ್ಯವನ್ನು ತಿಳಿಯುವಂತಿಲ್ಲ. ಮುದ್ರಣ ಸ್ವಾತಂತ್ರ್ಯವನ್ನು ಫ್ರಾನ್ಸ್ ದೇಶದಲ್ಲಿ ಸ್ಥಾಪಿಸಿದುದು ಆ ಕಾಯಿದೆ. ಪತ್ರಿಕೆಗಳಿಗೆ ಬಿಡುಗಡೆಯನ್ನು ಕೊಟ್ಟ ಅದೇ ಕಾಯಿದೆಯು ಗೋಡೆಗಳಿಗೂ ನಿಯಮವನ್ನು ವಿಧಿಸಿತು. ಸರಕಾರದ ಪ್ರಕಟಣೆಗಳಿಗಾಗಿಯೇ ಪ್ರತಿಯೊಂದು ಊರಿನಲ್ಲಿಯೂ ಸ್ಥಳವನ್ನು ಗೊತ್ತುಮಾಡಬೇಕು. ಬಿಳಿಯ ಕಾಗದದ ಮೇಲೆ ಅಚ್ಚುಹಾಕುವ ಅಧಿಕಾರ ಆ ಪ್ರಕಟಣೆಗಳಿಗೆ ಮಾತ್ರ ಉಂಟು. ಅವುಗಳನ್ನು ಕಿತ್ತವರೂ ಹರಿದವರೂ ಮುಚ್ಚಿದವರೂ ದಂಡನೆಗೆ ಗುರಿ. 'ಇಲ್ಲಿ ಭಿತ್ತಿಪತ್ರವನ್ನು ಅಂಟಿಸಕೂಡದು' ಎಂಬ ಎಚ್ಚರಿಕೆಯೊಡನೆ ಈ ಕಾಯಿದೆಯ ತಾರೀಖನ್ನೂ ಗೋಡೆಗಳ ಮೇಲೆ ಬರೆಯಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿತ್ತು. ಆದುದರಿಂದ ಪ್ರದರ್ಶನದ ಒಳಗಿದ್ದ ವಸ್ತುಗಳು ಮಾತ್ರವಲ್ಲ, ಅದರ ಹೆಸರು ಕೂಡ ಬೀದಿಯ ಗೋಡೆಯಿಂದಲೇ ಕಿತ್ತು ತಂದುದು. ಬರೆಯುವ ಸ್ವಾತಂತ್ರ್ಯ, ಅಂಟಿಸುವ ಅಧಿಕಾರ, ಹರಿಯುವ ಅಪರಾಧ, ಈ ಮೂರೂ ಒಂದೇ ತಾರೀಖಿನಲ್ಲಿ ಅಡಗಿವೆ.

ಈ ಹೆಸರಿಗೆ ಇನ್ನೊಂದು ಉಪನಾಮವನ್ನೂ ಅವರು ಸೇರಿಸಿದರು. ಪರವಾನೆಯಿಲ್ಲದೆ ಬೀದಿಬದಿಯಲ್ಲಿ ಸರಕು ಹರಡಿ, ಪೋಲೀಸಿನವನು ಕಂಡೊಡನೆ ಗಂಟುಕಟ್ಟಿ ಓಡುವ ವ್ಯಾಪಾರಿಯ ರೀತಿಗೆ ಫ್ರೆಂಚಿನಲ್ಲಿ ಒಂದು ನುಡಿಗಟ್ಟು ಉಂಟು. ಆ ನುಡಿಗಟ್ಟನ್ನು 'ಭಾವಗೀತಧರ್ಮ' ಎಂಬರ್ಥದ ಮಾತಿಗೆ ತಗುಲಿಸಿದರು. ಆ ಕಾಲದ ಪ್ಯಾರಿಸಿನಲ್ಲಿ ಮನ್ನಣೆ ಪಡೆದಿದ್ದುದು, ವಸ್ತುರೂಪವನ್ನು ಬಿಟ್ಟು, ಚಿತ್ರಗಾರನ ಅಂತರಂಗದ ಆವೇಗವನ್ನೇ ವರ್ಣಗಳಲ್ಲಿ ಚೆಲ್ಲುವ ಪಂಥ. ಭಾವಗೀತಾತ್ಮಕವಾದ ಅಮೂರ್ತಕಲೆಯೆಂದೇ ಅದಕ್ಕೆ ಹೆಸರು. ಅಂತರಂಗದಿಂದ ಹೊಮ್ಮಿತೆಂದು ಆ ಪಂಥದವರು ಹೇಳುತ್ತಿದ್ದ ವರ್ಣವೈಭವವೆಲ್ಲ, ಯಾರ ಅಂತರಂಗದ ಹಂಗೂ ಇಲ್ಲದೆ, ಬೀದಿಯ ಗೋಡೆಯ ಮೇಲೆ ಬಿಟ್ಟಿಯಾಗಿ ಬಿದ್ದಿದೆಯೆಂಬುದೇ ಈ ಉಪನಾಮದ ವ್ಯಂಗ್ಯ.

ಈ ನಿಲುವಿಗೆ ಅವರು ಬಂದುದು ಒಂದೇ ದಿನದಲ್ಲಲ್ಲ. 1944ರ ಯುದ್ಧದಲ್ಲಿ ಹಾಳಾದ ಸಾಂ ಮಾಲೋ ಪಟ್ಟಣದ ಕಡಲತಡಿಯಲ್ಲಿ ವಿಲೆಗ್ಲೇಯು 1947ರಲ್ಲಿ ಡೊಂಕಾದ ಉಕ್ಕಿನ ತಂತಿಗಳನ್ನು ಆಯ್ದು, ಏನನ್ನೂ ತಿದ್ದದೆ ಅದನ್ನೇ ಶಿಲ್ಪವೆಂದು ಇಟ್ಟುಕೊಂಡನು. ಸಿಕ್ಕಿದುದನ್ನು ಸಿಕ್ಕಿದಂತೆಯೇ ಕಾಪಾಡುವ ಅವನ ವ್ರತಕ್ಕೆ ಇದೇ ಆರಂಭವೆನ್ನಬಹುದು. 1949ರ ಫೆಬ್ರವರಿಯಲ್ಲಿ ಇಬ್ಬರೂ ಸೇರಿ ಮೋಂಪಾರ್ನಾಸ್ ರಾಜಬೀದಿಯಿಂದ ಮೊದಲ ಭಿತ್ತಿಪತ್ರ ಸಮೂಹವನ್ನು ಕಿತ್ತು ತಂದರು. ಎರಡೂವರೆ ಮೀಟರಿಗಿಂತಲೂ ಉದ್ದವಾಗಿ, ಅರವತ್ತು ಸೆಂಟಿಮೀಟರಿಗಿಂತ ಕಿರಿದಾದ ಎತ್ತರವುಳ್ಳ ಆ ಪಟ್ಟಿಯು ಈಗ ಪ್ಯಾರಿಸಿನ ಪೊಂಪಿದು ಕೇಂದ್ರದಲ್ಲಿದೆ. 'ಆಖ್ ಆಲ್ಮಾ ಮಾನೆತ್ರೊ' ಎಂದು ಅದರ ಹೆಸರು. ಹರಿದು ಉಳಿದ ಪದಗಳ ತುಣುಕುಗಳನ್ನು ಓದಿದಂತೆ ಓದಿ ಇಟ್ಟ ಹೆಸರದು, ಅದಕ್ಕೆ ಅರ್ಥವಿಲ್ಲ. ತ್ರುಟಿತ ಶಾಸನದ ಉಳಿದ ಅಕ್ಷರಗಳನ್ನು ಊಹೆಯಿಂದ ತುಂಬದೆ ಇದ್ದುದನ್ನಷ್ಟೇ ಬರೆದುಕೊಳ್ಳುವ ಶಾಸನತಜ್ಞನ ಸಂಯಮವು ಇಲ್ಲಿ ಹಾಸ್ಯದ ವೇಷದಲ್ಲಿ ಬಂದಿದೆ.

ಅಕ್ಷರದ ಮೇಲಣ ಇವರ ಆಸಕ್ತಿಗೆ ಬೇರೊಂದು ಸಾಕ್ಷಿಯೂ ಉಂಟು. ಕಮೀಲ್ ಬ್ರಿಯೆನ್ ಎಂಬ ಕವಿಯು ಅರ್ಥವನ್ನು ಬಿಟ್ಟು ನಾದಮಾತ್ರದಿಂದ ಕಟ್ಟಿದ ಕವಿತೆಯೊಂದನ್ನು, ಏಣುಗಳುಳ್ಳ ಗಾಜಿನ ಮೂಲಕ ಛಾಯಾಚಿತ್ರ ತೆಗೆದು, 1953ರಲ್ಲಿ ಇವರು ಪುಸ್ತಕರೂಪದಲ್ಲಿ ಹೊರತಂದರು. ಗಾಜಿನ ಏಣುಗಳಲ್ಲಿ ಅಕ್ಷರಗಳು ಸೀಳಿ ಚಾಚಿ, ಓದಲಾಗದ ಆಕಾರಗಳಾಗಿವೆ. ಅಲ್ಲಿ ಅಕ್ಷರವನ್ನು ಒಡೆಯುವುದಕ್ಕೆ ಒಂದು ಉಪಕರಣ ಬೇಕಾಯಿತು. ಬೀದಿಯಲ್ಲಿ ಅದೇ ಕೆಲಸವನ್ನು ಸಾವಿರ ಕೈಗಳು ಉಪಕರಣವಿಲ್ಲದೆಯೇ ಮಾಡುತ್ತಿದ್ದುವು. ಉಪಕರಣವನ್ನು ಬಿಟ್ಟು ಬೀದಿಯನ್ನು ಹಿಡಿದುದು ಇಲ್ಲಿಯ ಮುಖ್ಯವಾದ ಹೆಜ್ಜೆ.

ಮುದ್ರಿತ ಕಾಗದವನ್ನು ಚಿತ್ರದೊಳಕ್ಕೆ ತಂದವರಲ್ಲಿ ಇವರೇ ಮೊದಲಿಗರಲ್ಲ. 1912ರಲ್ಲಿಯೇ ಬ್ರಾಕ್ ಮತ್ತು ಪಿಕಾಸೊ ಕಾಗದದ ತುಣುಕುಗಳನ್ನು ಚಿತ್ರದಲ್ಲಿ ಅಂಟಿಸಿದ್ದರು. ಜರ್ಮನಿಯ ಕುರ್ಟ್ ಶ್ವಿಟ್ಟರ್ಸನು 1919ರಿಂದ ಬೀದಿಯ ಕಸವನ್ನೂ ಟಿಕೆಟ್ಟುಗಳನ್ನೂ ಕೂಡಿಸಿ ಚಿತ್ರಗಳನ್ನು ಕಟ್ಟಿದನು. ಗೋಡೆಯ ಪತ್ರವನ್ನು ಹರಿದು ಅಡಿಯ ಪದರವನ್ನು ತೋರಿಸುವ ಆಲೋಚನೆಯನ್ನು ಲೆಯೊ ಮಾಲೆಯು ಮೊದಲೇ ಸೂಚಿಸಿದ್ದನು. 1938ರ ಅತಿವಾಸ್ತವವಾದಿಗಳ ನಿಘಂಟಿನಲ್ಲಿ ಅದರ ಉಲ್ಲೇಖವಿದೆ. ಆದರೆ ಭೇದವು ಸ್ಪಷ್ಟವಾಗಿದೆ. ಹಿಂದಿನವರು ಬೀದಿಯಿಂದ ಸಾಮಗ್ರಿಯನ್ನು ತಂದು ಮನೆಯಲ್ಲಿ ಕೃತಿಯನ್ನು ರಚಿಸಿದರು. ಇವರು ಬೀದಿಯಲ್ಲಿಯೇ ರಚಿತವಾಗಿದ್ದ ಕೃತಿಯನ್ನು ಗುರುತಿಸಿ ಮನೆಗೆ ತಂದರು. ಒಂದರಲ್ಲಿ ಕೂಡಿಸುವುದು ಪ್ರಧಾನ, ಮತ್ತೊಂದರಲ್ಲಿ ಆಯುವುದು.

ಹಾಗಾದರೆ ಆಯುವುದಷ್ಟೇ ಕಲೆಯಾಗಬಲ್ಲುದೆ? ಹಸಿರು ಪತ್ರದ ಹರುಕಿನಿಂದ ಇಣುಕುವ ಕೆಂಪಿನ ಪಟ್ಟಿ, ಅದರಡಿಯಲ್ಲಿ ಹಿಂದಿನ ಋತುವಿನ ನಾಟಕದ ಪ್ರಕಟಣೆಯ ಒಂದು ದೊಡ್ಡ ಅಕ್ಷರ, ಪಕ್ಕದಲ್ಲಿ ಅಂಟಿನ ಕಲೆಯಿಂದ ಮಾಸಿದ ಬಿಳುಪು, ಇವು ಮನೋಹರವಾಗಿರಬಹುದು. ಆದರೆ ಮೋಡದಲ್ಲಿ ಆನೆಯನ್ನು ಕಂಡವನು ಶಿಲ್ಪಿಯಲ್ಲವಷ್ಟೆ. ಈ ಆಕ್ಷೇಪಕ್ಕೆ ವಿಲೆಗ್ಲೇಯು 1958ರಲ್ಲಿ ಬರೆದ ಒಂದು ಲೇಖನದಲ್ಲಿ ಉತ್ತರದ ದಾರಿಯುಂಟು. ಆ ಲೇಖನದ ಹೆಸರೇ 'ಸಾಮೂಹಿಕ ವಾಸ್ತವಗಳು' ಎಂಬರ್ಥದ್ದು. ಮರುವರ್ಷ ಅವನು ಗೆಳೆಯನಾದ ಫ್ರಾನ್ಸ್ವಾ ದುಫ್ರೆನ್ನನ ಕಾರ್ಯಾಗಾರದಲ್ಲಿ ನಡೆಸಿದ ಪ್ರದರ್ಶನಕ್ಕೆ 'ಹೆಸರಿಲ್ಲದವನು ಹರಿದುದು' ಎಂಬ ಭಾವದ ಹೆಸರನ್ನಿಟ್ಟನು. ಕೋಪದಿಂದ ಹರಿದವನು, ಬೇಸರಕ್ಕೆ ಹರಿದವನು, ಎದುರುಪಕ್ಷದ ಮಾತನ್ನು ಅಳಿಸಲೆಂದು ಹರಿದವನು, ಆಟಕ್ಕೆ ಹರಿದ ಹುಡುಗ, ಇವರೆಲ್ಲರನ್ನೂ ಕೂಡಿಸಿ ಒಬ್ಬ ಕರ್ತೃವನ್ನಾಗಿ ಅವನು ಭಾವಿಸಿದನು. ಈ ದೃಷ್ಟಿಯಲ್ಲಿ ಗೋಡೆಯು ಮೋಡದಂತೆ ಜಡವಲ್ಲ. ಅದರ ಮೇಲೆ ಮನುಷ್ಯರು ಒಬ್ಬರಿಗೊಬ್ಬರು ಉತ್ತರ ಕೊಟ್ಟಿರುವರು. ಆ ಉತ್ತರ ಪ್ರತ್ಯುತ್ತರಗಳ ಲಿಖಿತರೂಪವೇ ಹರಿದ ಪತ್ರ. ಅದನ್ನು ಆಯುವವನು ಬಾಯಿಮಾತಿನಲ್ಲಿ ಹರಡಿದ ಹಾಡುಗಳನ್ನು ಕೂಡಿಸಿ ಅಚ್ಚುಹಾಕಿಸುವ ಸಂಗ್ರಾಹಕನಿಗೆ ಸಮಾನನು. ಹಾಡನ್ನು ಅವನು ಕಟ್ಟಲಿಲ್ಲ. ಆದರೆ ಹಾಡೆಂದು ಗುರುತಿಸಿದವನು ಅವನು. ಗುರುತಿಸುವವನಿಲ್ಲದಿದ್ದರೆ ಅದು ಮುಂದಿನ ಪದರದ ಅಡಿಯಲ್ಲಿ ಅಳಿದುಹೋಗುತ್ತಿತ್ತು.

ಈ ಸಮಾಧಾನವನ್ನು ಒಪ್ಪಿದ ಮೇಲೆಯೇ ನಿಜವಾದ ತೊಡಕು ಎದುರಾಗುವುದು. ಹಾಡಿನ ಸಂಗ್ರಾಹಕನು ಹಾಡುಗಳ ಕೆಳಗೆ ಕವಿಯೆಂದು ತನ್ನ ಹೆಸರನ್ನು ಹಾಕುವುದಿಲ್ಲ. ಹರಿದ ಪತ್ರಗಳಾದರೋ ಚಿತ್ರಶಾಲೆಯಲ್ಲಿ ಹೇನ್ಸನ ಕೃತಿಗಳೆಂದೂ ವಿಲೆಗ್ಲೇಯ ಕೃತಿಗಳೆಂದೂ ನಿಂತುವು. ಮುಂದೆ ವಸ್ತುಸಂಗ್ರಹಾಲಯಗಳನ್ನು ಸೇರಿದುದೂ ಆ ಹೆಸರುಗಳಲ್ಲಿಯೇ. ಹೆಸರಿಲ್ಲದವನಿಗೆ ಪ್ರಶಂಸೆ ದೊರೆಯಿತು, ಸಹಿ ಮತ್ತೊಬ್ಬನದಾಯಿತು. ಗೋಡೆಯಿಂದ ಕೀಳುವಾಗ ಎಲ್ಲಿಂದ ಎಲ್ಲಿಯವರೆಗೆ ಕೀಳಬೇಕೆಂದು ನಿಶ್ಚಯಿಸಿದವನೂ ಅವನೇ. ಚೌಕಟ್ಟಿನ ಹೊರಗೆ ಉಳಿದುದು ಏನೆಂಬುದು ನೋಡುವವನಿಗೆ ತಿಳಿಯುವುದಿಲ್ಲ. ಒಂದಕ್ಷರವನ್ನೂ ಸೇರಿಸದ ಸಂಪಾದಕನು ಕೂಡ ಬಿಡುವುದರಿಂದಲೇ ಪಾಠವನ್ನು ಬದಲಿಸಬಲ್ಲನೆಂಬುದು ಓಲೆಯ ಪ್ರತಿಗಳೊಡನೆ ದುಡಿದವರೆಲ್ಲರಿಗೂ ತಿಳಿದ ಸಂಗತಿ. ಬೀದಿಯಲ್ಲಿ ಮಾತಾಗಿದ್ದುದು ಚೌಕಟ್ಟಿನಲ್ಲಿ ಬರಿಯ ಬಣ್ಣವಾಗುವ ಅಪಾಯವಿರುವುದೂ ಇಲ್ಲಿಯೇ. 1957ರ ಪ್ರದರ್ಶನದ ದುರ್ಬಲವಾದ ಅಂಶವಿದು. ಅಮೂರ್ತಕಲೆಯನ್ನು ಅಣಕಿಸಹೊರಟ ಪತ್ರಗಳನ್ನೇ ಅಮೂರ್ತಚಿತ್ರಗಳೆಂದು ಮೆಚ್ಚಿ ಹೋಗುವುದಕ್ಕೆ ಅಲ್ಲಿ ಅವಕಾಶವಿತ್ತು. ಆ ಅವಕಾಶವನ್ನು ತಡೆಯುವ ಭಾರವೆಲ್ಲ ಬಹುಮಟ್ಟಿಗೆ ಪ್ರದರ್ಶನದ ಹೆಸರಿನ ಮೇಲೆಯೇ ಬಿದ್ದಿತು.

ಈ ತೊಡಕಿಗೆ ಇಬ್ಬರೂ ಮುಂದೆ ಬೇರೆ ಬೇರೆಯಾದ ಪರಿಹಾರಗಳನ್ನು ಕಂಡುಕೊಂಡರು. ವಿಲೆಗ್ಲೇಯು ತನ್ನ ಬಹುಪಾಲು ಕೃತಿಗಳಿಗೆ ಪತ್ರವು ದೊರೆತ ಬೀದಿಯ ಹೆಸರನ್ನೂ ಕಾಲವನ್ನೂ ಶೀರ್ಷಿಕೆಯಾಗಿ ಇಟ್ಟನು. ಜರ್ಮನಿಯ ಕಲೋನ್ ನಗರದ ಲುಡ್ವಿಗ್ ಸಂಗ್ರಹಾಲಯದಲ್ಲಿರುವ 1966ರ ದೊಡ್ಡ ಕೃತಿಗೆ ದೆಪ್ರೆ ಮತ್ತು ವೆರ್ಸಿಂಜೆತೊರಿಕ್ಸ್ ಎಂಬ ಎರಡು ಬೀದಿಗಳ ಹೆಸರೇ ಹೆಸರು. ಪ್ರತಿಯು ದೊರೆತ ಸ್ಥಳವನ್ನು ಮುಚ್ಚಿಡದೆ ಹೇಳುವುದು ಸಂಪಾದಕನ ಮೊದಲ ಧರ್ಮ, ಇದು ಅದೇ. ಹರಿದವನ ಹೆಸರನ್ನು ತಿಳಿಯುವುದು ಅಸಾಧ್ಯವಾದರೂ ಅವನು ಯಾವ ಬೀದಿಯಲ್ಲಿ ನಡೆದನೆಂಬುದು ಉಳಿಯಿತು. ಹೇನ್ಸನು ಗೋಡೆಯ ವಿಷಯವನ್ನೇ ಮುಂದಕ್ಕೆ ತಂದನು. ಅಲ್ಜೀರಿಯಾದ ಯುದ್ಧವು 1954ರಿಂದ 1962ರವರೆಗೆ ನಡೆದು ಫ್ರಾನ್ಸಿನ ಜನರನ್ನು ಇಬ್ಭಾಗಮಾಡಿದ ಕಾಲವದು. ಅವನ 1956ರ ಕೃತಿಯೊಂದಕ್ಕೆ 'ಅಲ್ಜೀರಿಯಾದಲ್ಲಿ ಶಾಂತಿ' ಎಂದು ಹೆಸರು. 1961ರ ಜೂನ್ ತಿಂಗಳಲ್ಲಿ, ಯುದ್ಧವು ಇನ್ನೂ ಮುಗಿಯದಿದ್ದಾಗ, ಇಬ್ಬರೂ ರಾಜಕೀಯ ಭಿತ್ತಿಪತ್ರಗಳನ್ನೇ ಆಯ್ದು 'ಹರಿದ ಫ್ರಾನ್ಸ್' ಎಂಬ ಪ್ರದರ್ಶನವನ್ನು ಪ್ಯಾರಿಸಿನಲ್ಲಿ ನಡೆಸಿದರು. ಅಲ್ಲಿ ಹರುಕನ್ನು ಅಲಂಕಾರವೆಂದು ನೋಡುವಂತಿರಲಿಲ್ಲ. ಶಾಂತಿಯನ್ನು ಕೇಳುವ ಪತ್ರವನ್ನು ಒಂದು ಕೈ ಅಂಟಿಸಿದೆ, ಮತ್ತೊಂದು ಕೈ ಸೀಳಿದೆ. ಎರಡೂ ಒಂದೇ ನಗರದ ಕೈಗಳು. ಉಳಿದ ಅಕ್ಷರಗಳನ್ನು ಓದಬಲ್ಲವನಿಗೆ ಸೀಳಿದ ಕೈಯ ಬಲವೂ ತಿಳಿಯುತ್ತದೆ.

1957ರ ಪ್ರದರ್ಶನದ ಬೆಲೆಯನ್ನು ಕಟ್ಟಬೇಕಾದುದು ಈ ಎರಡು ಪರಿಹಾರಗಳ ಬೆಳಕಿನಲ್ಲಿ. 1959ರಲ್ಲಿ ಪ್ಯಾರಿಸಿನ ಮೊದಲ ದ್ವೈವಾರ್ಷಿಕ ಪ್ರದರ್ಶನದಲ್ಲಿ ಹೇನ್ಸನು ಹರಿದ ಪತ್ರಗಳುಳ್ಳ ಹಲಗೆಯ ಬೇಲಿಯನ್ನೇ ಇಟ್ಟು ಗದ್ದಲವೆಬ್ಬಿಸಿದುದು, 1960ರ ಅಕ್ಟೋಬರ್ 27ರಂದು ಪಿಯೇರ್ ರೆಸ್ತಾನಿಯ ನವವಾಸ್ತವವಾದದ ಘೋಷಣೆಗೆ ಇಬ್ಬರೂ ಸಹಿಹಾಕಿದುದು, 2008ರಲ್ಲಿ ಪೊಂಪಿದು ಕೇಂದ್ರವು ವಿಲೆಗ್ಲೇಯ ಜೀವಮಾನದ ಸಂಗ್ರಹವನ್ನು 'ನಗರದ ಪ್ರಹಸನ' ಎಂಬರ್ಥದ ಹೆಸರಿನಿಂದ ತೋರಿಸಿದುದು, ಇವೆಲ್ಲವೂ ಕೀರ್ತಿಯ ಚರಿತ್ರೆಗೆ ಸೇರಿದ ಮಾತು. ಹೇನ್ಸನು 2005ರಲ್ಲಿಯೂ ವಿಲೆಗ್ಲೇಯು 2022ರಲ್ಲಿಯೂ ತೀರಿಕೊಂಡರು. ಗುಣವಿಚಾರಕ್ಕೆ ಬಂದರೆ, ಅಂದ ಮಾತ್ರ ಉಳಿದು ಅಕ್ಷರವೆಲ್ಲ ಅಳಿದುಹೋದ ಪತ್ರಗಳಿಗಿಂತ, ಅರ್ಧ ಓದಿಸಿಕೊಂಡು ಅರ್ಧ ತಡೆಯುವ ಪತ್ರಗಳೇ ಮೇಲೆಂದು ತೋರುತ್ತದೆ. ಅವುಗಳಲ್ಲಿ ಬರೆದವನೂ ಹರಿದವನೂ ಆಯ್ದವನೂ ಮೂವರೂ ಕಾಣುವರು. ಒಬ್ಬನು ಮತ್ತೊಬ್ಬನನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ.

ಆಯುವುದೂ ರಚನೆಯೇ ಎಂಬ ವಾದವನ್ನು ಈ ಪ್ರದರ್ಶನವು ಗೆದ್ದಿತೆಂದು ಒಪ್ಪಬಹುದು. ಆದರೆ ಆ ಗೆಲವಿಗೆ ಒಂದು ಕಟ್ಟಳೆಯುಂಟು. ಆಯ್ದವನು ತನ್ನ ಕೈಯನ್ನು ತಡೆದಷ್ಟೂ, ಎಲ್ಲಿ ಯಾವಾಗ ಆಯ್ದೆನೆಂಬುದನ್ನು ಹೇಳಿದಷ್ಟೂ, ಅವನ ಸಹಿಗೆ ಅರ್ಹತೆ ಹೆಚ್ಚುತ್ತದೆ. ಹರಿಯುವುದನ್ನು ಅಪರಾಧವೆಂದ ಕಾಯಿದೆಯ ತಾರೀಖನ್ನು ಚಿತ್ರಶಾಲೆಯ ಬಾಗಿಲಿಗೆ ಕಟ್ಟಿದವರು, ಹರಿದ ಪತ್ರವು ಮೊದಲು ಯಾರ ಸ್ವತ್ತಾಗಿತ್ತೆಂಬುದನ್ನು ಅಷ್ಟರಮಟ್ಟಿಗಾದರೂ ಮರೆಯಗೊಡಲಿಲ್ಲ.