ಎರಡು ಕನ್ನೊಳ್ಳಿಗಳು: ದೋಷಶೋಧಕ ತಂತ್ರಾಂಶದ ಒಂದು ತಿದ್ದುಪಡಿಯ ವಿಮರ್ಶೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪ್ರದೇಶದ ಗ್ರಾಮನಾಮಗಳಿಗೆ ನಾವು ಸಿದ್ಧಪಡಿಸುತ್ತಿದ್ದ ಅಕಾರಾದಿ ಸೂಚಿಯಲ್ಲಿ ಕನ್ನೊಳ್ಳಿ ಎಂಬ ಊರು ಎರಡು ಸಲ ಕಾಣಿಸಿಕೊಂಡಿತು. ಎರಡು ಹೆಸರುಗಳಲ್ಲಿ ಅಕ್ಷರಭೇದವಾಗಲಿ ಕಾಗುಣಿತದ ಭೇದವಾಗಲಿ ಇರಲಿಲ್ಲ. ಆದರೂ ಗಣಕಯಂತ್ರವು ಅವನ್ನು ಬೇರೆ ಬೇರೆ ಊರುಗಳೆಂದು ಬಗೆದು, ನಮ್ಮ ಟಿಪ್ಪಣಿಗಳಲ್ಲಿ ಕೆಲವನ್ನು ಒಂದರ ಕೆಳಗೂ ಉಳಿದವನ್ನು ಇನ್ನೊಂದರ ಕೆಳಗೂ ಹಂಚಿತ್ತು. ಇಂಥ ಸೂಚಿಯನ್ನು ನಂಬಿದ ವಿದ್ಯಾರ್ಥಿಯು ಅರ್ಧ ಸಾಮಗ್ರಿಯನ್ನು ಕಂಡು, ಈ ಊರಿಗೆ ಸಂಬಂಧಿಸಿದುದು ಇಷ್ಟೇ ಎಂದು ನಿರ್ಣಯಿಸುವನು. ಆದುದರಿಂದ ಇದನ್ನು ಕೇವಲ ಯಂತ್ರದ ತೊಡಕೆಂದು ಕಡೆಗಣಿಸುವಂತಿಲ್ಲ. ಆಧಾರಗಳ ಶುದ್ಧಿಯನ್ನು ಕುರಿತ ಪ್ರಶ್ನೆ ಇದರಲ್ಲಿ ಅಡಗಿದೆ.

ಕಾರಣವನ್ನು ಹುಡುಕಲು ನಾವು ಗಣಕಶಾಸ್ತ್ರದ ಮಿತ್ರರೊಬ್ಬರ ನೆರವಿನಿಂದ ಡಿಬಗರ್ ಎಂಬ ಸಾಧನವನ್ನು ಆಶ್ರಯಿಸಿದೆವು. ಡಿಬಗರ್ ಎಂದರೆ ದೋಷಶೋಧಕ. ನಡೆಯುತ್ತಿರುವ ಕ್ರಮವಿಧಿಯನ್ನು ಬೇಕಾದಲ್ಲಿ ತಡೆದು ನಿಲ್ಲಿಸಿ, ಆ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನಿದೆಯೆಂಬುದನ್ನು ತೋರಿಸುವ ತಂತ್ರಾಂಶವದು. ನಾವು ಬಳಸಿದುದು ಗ್ನೂ ಡಿಬಗರ್. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಇದನ್ನು ರಚಿಸಿದರು. ಇದು ಮುಕ್ತ ತಂತ್ರಾಂಶವಾದುದರಿಂದ ಇದರ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದುಪಡಿಯನ್ನೂ ಸೂಚಿಸಬಹುದು. ಆದರೆ ಸೂಚಿಸಿದ ಮಾತ್ರಕ್ಕೆ ಅದು ಸೇರುವುದಿಲ್ಲ. ಹೊಣೆಹೊತ್ತ ಬಲ್ಲವರು ಅದನ್ನು ಪರಿಶೀಲಿಸಿ ಒಪ್ಪಬೇಕು. ಹೀಗೆ ಒಪ್ಪಿಗೆ ಪಡೆದ ಒಂದು ತಿದ್ದುಪಡಿಯನ್ನು ಇತಿಹಾಸಕಾರರ ದೃಷ್ಟಿಯಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ಲಿಪಿಯ ವಿಚಾರವನ್ನು ತಿಳಿಯುವುದು ಅಗತ್ಯ. ಯಂತ್ರವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವರಚಿಹ್ನೆಗೂ ಒಂದೊಂದು ಸಂಕೇತವಿದ್ದು, ಈಗ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅಂಥ ಒಂದೊಂದು ಸಂಕೇತವು ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ಎಂಟರ ಮೂಲದ ಸಂಖ್ಯೆಗಳಲ್ಲಿ ಬರೆದರೆ 'ಕ' ಎಂಬುದು 340 262 225 ಆಗುತ್ತದೆ. ಕನ್ನೊಳ್ಳಿ ಎಂಬ ಹೆಸರಿನಲ್ಲಿ ಒಂಬತ್ತು ಸಂಕೇತಗಳಿವೆ. ಆದುದರಿಂದ ಇಪ್ಪತ್ತೇಳು ಬೈಟುಗಳು. ಆದರೆ ಇದರಲ್ಲಿರುವ ಒಕಾರದ ಚಿಹ್ನೆಯನ್ನು ಎರಡು ವಿಧವಾಗಿ ಬರೆಯಲು ಅವಕಾಶವುಂಟು. ಅದನ್ನು 340 263 212 ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೆ ಎಕಾರದ ಚಿಹ್ನೆಯಾದ 340 263 206, ಊಕಾರದ ಚಿಹ್ನೆಯಾದ 340 263 202 ಇವೆರಡನ್ನು ಕೂಡಿಸಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಬರೆದ ಹೆಸರಿಗೆ ಮೂವತ್ತು ಬೈಟುಗಳಾಗುತ್ತವೆ. ವಿಶ್ವಸಂಕೇತದ ನಿಯಮದಂತೆ ಇವೆರಡೂ ಸಮಾನವೇ. ಆದರೆ ಬೈಟಿಗೆ ಬೈಟನ್ನು ಹೋಲಿಸುವ ಕ್ರಮವಿಧಿಗೆ ಸಮಾನವಲ್ಲ. ನಮ್ಮ ಎರಡು ಕನ್ನೊಳ್ಳಿಗಳ ರಹಸ್ಯ ಇಷ್ಟೇ.

ಇನ್ನು ತಿದ್ದುಪಡಿಯ ವಿಚಾರ. ಗ್ನೂ ಡಿಬಗರಿನ ಹಿಂದಿನ ಆವೃತ್ತಿಗಳು ಒಂದು ಬೈಟಿಗೆ ಒಂದು ಅಕ್ಷರವೆಂಬ ಗ್ರಹಿಕೆಯ ಮೇಲೆ ನಿಂತಿದ್ದುವು. ಆಗ ಕನ್ನಡದ ಪಠ್ಯವು ಸಂಖ್ಯೆಗಳ ಸಾಲಾಗಿಯೋ, ನಡುನಡುವೆ ಸಂಬಂಧವಿಲ್ಲದ ಯುರೋಪಿನ ಅಕ್ಷರಗಳು ಬೆರೆತ ಅಪಪಾಠವಾಗಿಯೋ ತೋರುತ್ತಿದ್ದಿತು. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 7.0ನೆಯ ಆವೃತ್ತಿಯು ಬಹುಬೈಟ್ ಲಿಪಿಸಂಕೇತಗಳಿಗೆ ಆಶ್ರಯವನ್ನಿತ್ತಿತು. ಅಂದಿನಿಂದ, ನೋಡುವವನ ಯಂತ್ರವೂ ಯುಟಿಎಫ್-8 ಪದ್ಧತಿಯಲ್ಲಿದ್ದರೆ, ಕನ್ನಡವು ಕನ್ನಡವಾಗಿಯೇ ತೋರುತ್ತದೆ.

ಯಾವುದೇ ತಿದ್ದುಪಡಿಯ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ: ಹಿಂದೆ ಇದ್ದ ದೋಷವೇನು? ಅದು ನೀಗಿತೆ? ನೀಗುವಾಗ ಬೇರೆ ಏನಾದರೂ ಕಳೆದುಹೋಯಿತೆ? ಮೊದಲೆರಡಕ್ಕೆ ಮೇಲಿನ ವಿವರಣೆಯಲ್ಲಿಯೇ ಉತ್ತರವಿದೆ. ಇದರ ಇನ್ನೊಂದು ಗುಣವನ್ನೂ ಎತ್ತಿ ಹೇಳಬೇಕು. ಈ ಸಾಧನವು ದೀರ್ಘ ಪಠ್ಯವನ್ನು ಸಾಮಾನ್ಯವಾಗಿ 200 ಘಟಕಗಳಿಗೆ ಮೊಟಕು ಮಾಡಿ ತೋರಿಸುತ್ತದೆ. ಬೈಟುಗಳನ್ನು ಎಣಿಸುವಲ್ಲಿ, ಎಡೆಬಿಡದ ಕನ್ನಡ ಪಠ್ಯದ 66 ಸಂಕೇತಗಳು ಮುಗಿದು, ಅರವತ್ತೇಳನೆಯದರ ಎರಡು ಬೈಟುಗಳು ಮಾತ್ರ ಉಳಿಯುತ್ತವೆ. ಆಗ ತಂತ್ರಾಂಶವು ಊಹೆಯಿಂದ ಅಕ್ಷರವನ್ನು ತುಂಬುವುದಿಲ್ಲ, ಬೈಟುಗಳನ್ನು ಮರೆಮಾಚುವುದೂ ಇಲ್ಲ. 'ಅಪೂರ್ಣ ಸರಣಿ' ಎಂಬ ಅರ್ಥದ ಒಕ್ಕಣೆಯೊಡನೆ ಉಳಿದ ಸಂಖ್ಯೆಗಳನ್ನು ಇದ್ದಂತೆಯೇ ಮುಂದಿಡುತ್ತದೆ. ಶಾಸನದ ಸಂಪಾದಕರು ಅಳಿದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಟ್ಟು, ಸಂದಿಗ್ಧವಾದುವನ್ನು ಕಂಸದಲ್ಲಿ ಸೂಚಿಸುವ ಪ್ರಾಮಾಣಿಕತೆ ಇದೇ ಜಾತಿಯದು.

ಮೂರನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಪಠ್ಯವು ಓದಲು ಬರುವಂತಾದಾಗಲೇ ಭೇದವು ಕಣ್ಣಿಗೆ ಮರೆಯಾಯಿತು. ನಾವು 'ಪ್ರಿಂಟ್' ಎಂಬ ಆಜ್ಞೆಯಿಂದ ಎರಡು ಹೆಸರುಗಳನ್ನೂ ಕೇಳಿದಾಗ ಎರಡೂ ಸಲ ಕನ್ನೊಳ್ಳಿ ಎಂದೇ ಬಂದಿತು. ಹಳೆಯ ಆವೃತ್ತಿಯ ವಿಕಾರವಾದ ಸಾಲಿನಲ್ಲಿ ಈ ಭೇದವು ಅಡಗುವಂತಿರಲಿಲ್ಲ. ಹಾಗೆಂದು ತಿದ್ದುಪಡಿಯನ್ನು ತಪ್ಪೆನ್ನಬಹುದೆ? ಹಾಗೆನ್ನಲು ನಾವು ಸಿದ್ಧರಿಲ್ಲ. ನೆನಪಿನಲ್ಲಿರುವ ಬೈಟುಗಳನ್ನು ಇದ್ದಂತೆಯೇ ತೋರಿಸುವ 'ಎಕ್ಸ್' ಎಂಬ ಆಜ್ಞೆಯನ್ನು ಅದು ಕಿತ್ತುಹಾಕಲಿಲ್ಲ. ಕೊನೆಗೆ ಇಪ್ಪತ್ತೇಳು ಮತ್ತು ಮೂವತ್ತು ಬೈಟುಗಳ ಭೇದವು ನಮಗೆ ತಿಳಿದುದು ಆ ಆಜ್ಞೆಯಿಂದಲೇ.

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಪ್ರಸಿದ್ಧವಾದ ಸ್ತಂಭಶಾಸನವುಂಟು. ಅಲ್ಲಿಯ ವಿದ್ಯಾಶಾಲೆಯ ಇತಿಹಾಸವನ್ನು ಬರೆಯುವವರು ಅಚ್ಚಾದ ಪಾಠವನ್ನು ಓದುತ್ತಾರೆ. ಓದದೆ ಕೆಲಸ ಸಾಗದು. ಆದರೆ ಒಂದು ಅಕ್ಷರದ ಮೇಲೆ ವಾದವೆದ್ದಾಗ ಪಾಠವನ್ನು ಬದಿಗಿಟ್ಟು ಪಡಿಯಚ್ಚಿಗೆ, ಅದೂ ಸಾಲದಿದ್ದರೆ ಕಲ್ಲಿಗೇ ಹೋಗಬೇಕಾಗುತ್ತದೆ. 'ಪ್ರಿಂಟ್' ಎಂಬುದು ಪಾಠ. 'ಎಕ್ಸ್' ಎಂಬುದು ಪಡಿಯಚ್ಚು. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಸಮಾನರೂಪಗಳನ್ನು ಡಿಬಗರೇ ಒಂದಾಗಿಸಿಬಿಟ್ಟರೆ ಒಳಿತಲ್ಲವೆ ಎಂದು ಕೆಲವರು ಕೇಳಬಹುದು. ಇದನ್ನು ನಾವು ಒಪ್ಪಲಾರೆವು. ರೂಪಗಳನ್ನು ಒಂದಾಗಿಸುವುದು ಸೂಚಿಯನ್ನು ಜೋಡಿಸುವ ಕ್ರಮವಿಧಿಯ ಕರ್ತವ್ಯ. ಸಾಕ್ಷಿಯಾದವನು ಕಂಡುದನ್ನು ಹೇಳಬೇಕೇ ಹೊರತು ತೀರ್ಪನ್ನು ಕೊಡತಕ್ಕದ್ದಲ್ಲ. ಸಾಕ್ಷಿಯೇ ತಿದ್ದತೊಡಗಿದರೆ ದೋಷವು ನೀಗುವುದಿಲ್ಲ, ಅದರ ಕುರುಹು ಮಾತ್ರ ಅಳಿಯುತ್ತದೆ. ನಮ್ಮ ಸೂಚನೆ ಇಷ್ಟೇ: ಇಂಥ ತಿದ್ದುಪಡಿಗಳನ್ನು ಪರಿಶೀಲಿಸುವವರು ಪರೀಕ್ಷೆಗಾಗಿ ಆರಿಸುವ ಪದಗಳಲ್ಲಿ ಕನ್ನಡದ ಒಕಾರದಂಥ ಚಿಹ್ನೆಗಳ ಎರಡು ರೂಪಗಳನ್ನೂ ಸೇರಿಸುವುದು ಒಳ್ಳೆಯದು.

ನಮ್ಮ ಸೂಚಿಯಲ್ಲಿ ಈಗ ಕನ್ನೊಳ್ಳಿ ಒಂದೇ ಆಗಿದೆ. ಹೋಲಿಕೆಗೆ ಮುನ್ನ ಎಲ್ಲ ಹೆಸರುಗಳನ್ನೂ ಏಕರೂಪಕ್ಕೆ ತರುವಂತೆ ಕ್ರಮವಿಧಿಯನ್ನು ತಿದ್ದಿಸಿದ್ದೇವೆ. ಆದರೆ ಮೂಲ ದಾಖಲೆಗಳ ಬೈಟುಗಳನ್ನು ಬದಲಿಸದೆ ಹಾಗೆಯೇ ಉಳಿಸಿ, ಯಾವ ನಮೂದು ಯಾವ ರೂಪದಲ್ಲಿ ಬಂದಿತ್ತೆಂಬುದನ್ನೂ ಬರೆದಿಟ್ಟಿದ್ದೇವೆ. ನಾಳೆ ನಮ್ಮ ತಿದ್ದುಪಡಿಯಲ್ಲಿಯೂ ದೋಷವಿದೆಯೆಂದು ಯಾರಾದರೂ ತೋರಿಸಬಹುದು. ಆಗ ಅವರಿಗೆ ಹಿಂದಿರುಗಿ ಹೋಗುವ ದಾರಿಯೊಂದು ತೆರೆದಿರಬೇಕು.