ಪೌರಸ್ತ್ಯ ಚಿತ್ರಗಳಲ್ಲಿ ಆತ್ಮನಿಷ್ಠತೆ: ದೆಲಾಕ್ರ್ವಾನನ್ನು ಕುರಿತು

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಚಿತ್ರಕಾರರು, ವಿಶೇಷವಾಗಿ ಫ್ರಾನ್ಸಿನವರು, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಜೀವನವನ್ನು ವಸ್ತುವಾಗಿಸಿಕೊಂಡು ರಚಿಸಿದ ಕೃತಿಗಳನ್ನು ಪೌರಸ್ತ್ಯ ಚಿತ್ರಗಳೆಂದು ಕರೆಯುವುದುಂಟು. ಇವುಗಳಲ್ಲಿ ಕಾಣುವುದು ಪೂರ್ವದೇಶವಲ್ಲ, ಚಿತ್ರಕಾರನ ಕಲ್ಪನೆ ಎಂಬ ಆಕ್ಷೇಪ ಸುಪರಿಚಿತವಾದುದು. ಆಕ್ಷೇಪವೇನೋ ನಿಜ. ಆದರೆ ರಮ್ಯ ಸಂಪ್ರದಾಯದ ಕಲಾವಿದನಿಗೆ ಅಂತರಂಗದ ಅನುಭವವೇ ಕಲೆಯ ಮೂಲ. ಆತ್ಮನಿಷ್ಠತೆ ಅವನ ಕಲಾಧರ್ಮ. ಆದುದರಿಂದ ಆ ಆತ್ಮನಿಷ್ಠತೆ ಏನನ್ನು ಬೆಳಗಿಸಿತು, ಏನನ್ನು ಮರೆಮಾಡಿತು ಎಂಬುದನ್ನು ವಿಚಾರಿಸುವುದು ಹೆಚ್ಚು ಉಚಿತ. ಯೂಜೀನ್ ದೆಲಾಕ್ರ್ವಾನ (1798–1863) ಎರಡು ಕೃತಿಗಳು ಈ ವಿಚಾರಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತವೆ.

‘ಸಾರ್ಡನಪಾಲಸನ ಮರಣ’ವನ್ನು ಅವನು 1827–28ರ ಪ್ಯಾರಿಸ್ ಪ್ರದರ್ಶನದಲ್ಲಿ ಇರಿಸಿದನು. ಆ ವೇಳೆಗೆ ಅವನು ಪೂರ್ವದೇಶವನ್ನು ಕಂಡಿರಲಿಲ್ಲ. ಅಸ್ಸೀರಿಯದ ದೊರೆಯನ್ನು ಕುರಿತ ಬೈರನ್ ಕವಿಯ ನಾಟಕ 1821ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ದೊರೆಯೊಡನೆ ಚಿತೆಯೇರುವವಳು ಮಿರ್‍ಹಾ ಒಬ್ಬಳೇ, ಅದೂ ಸ್ವೇಚ್ಛೆಯಿಂದ. ದೆಲಾಕ್ರ್ವಾನ ಚಿತ್ರದಲ್ಲಿಯಾದರೋ ದೊರೆ ಕೆಂಪು ಹಾಸಿನ ಮೇಲೆ ಒರಗಿ, ಅಂತಃಪುರದ ಸ್ತ್ರೀಯರೂ ಕುದುರೆಗಳೂ ಹತವಾಗುವುದನ್ನು ನಿರ್ವಿಕಾರನಾಗಿ ನೋಡುತ್ತಿದ್ದಾನೆ. ಸುಮಾರು ನಾಲ್ಕು ಮೀಟರ್ ಎತ್ತರ, ಐದು ಮೀಟರ್ ಅಗಲದ ಆ ಪಟದಲ್ಲಿ ನೆಲವೆಲ್ಲಿ, ಗೋಡೆಯೆಲ್ಲಿ ಎಂಬುದು ತಿಳಿಯದು. ದೇಹಗಳೂ ಆಭರಣಗಳೂ ಕೆಂಪಿನ ಪ್ರವಾಹದಲ್ಲಿ ಜಾರಿಬರುತ್ತವೆ. ಇಲ್ಲಿ ಪೂರ್ವವೆಂಬುದು ಒಂದು ಮನಃಸ್ಥಿತಿಯ ಹೆಸರು. ಇದನ್ನು ಅಸ್ಸೀರಿಯದ ಇತಿಹಾಸವೆಂದು ಯಾರೂ ಭ್ರಮಿಸಲಾರರು.

ಫ್ರಾನ್ಸ್ 1830ರಲ್ಲಿ ಆಲ್ಜಿಯರ್ಸನ್ನು ವಶಪಡಿಸಿಕೊಂಡಿತು. 1832ರಲ್ಲಿ ಮೊರಾಕೋ ಸುಲ್ತಾನನಲ್ಲಿಗೆ ಹೊರಟ ಫ್ರೆಂಚ್ ರಾಯಭಾರದೊಡನೆ ದೆಲಾಕ್ರ್ವಾ ಪ್ರಯಾಣ ಮಾಡಿ, ಮರಳುವಾಗ ಕೆಲವು ದಿನ ಆಲ್ಜಿಯರ್ಸಿನಲ್ಲಿ ತಂಗಿದನು. ಅದರ ಫಲ 1834ರ ‘ಆಲ್ಜಿಯರ್ಸಿನ ಸ್ತ್ರೀಯರು’. ಕುಳಿತ ಮೂವರು ಸ್ತ್ರೀಯರು, ಹೊರಹೋಗುತ್ತ ತಿರುಗಿ ನೋಡುವ ಒಬ್ಬ ಕಪ್ಪು ಸೇವಕಿ, ಹುಕ್ಕಾ, ಬಣ್ಣದ ಹೆಂಚಿನ ಗೋಡೆ: ಚಿತ್ರದ ಸಾಮಗ್ರಿ ಇಷ್ಟೇ. ಹಿಂದಿನ ಉನ್ಮಾದದ ಸ್ಥಾನದಲ್ಲಿ ಮೌನ ನೆಲಸಿದೆ. ಕೆಂಪು ಹಸಿರುಗಳು ಒಂದನ್ನೊಂದು ಬೆಳಗಿಸುತ್ತವೆ. ಕಣ್ಣಿನ ಸಾಕ್ಷ್ಯ ಕಲ್ಪನೆಯನ್ನು ಸಂಯಮಕ್ಕೆ ತಂದಿತೆನ್ನಬಹುದು. ಆದರೆ 1849ರಲ್ಲಿ ಅವನು ಇದೇ ವಸ್ತುವನ್ನು ಮತ್ತೆ ಬರೆದಾಗ ಸ್ತ್ರೀಯರು ದೂರ ಸರಿದಿದ್ದಾರೆ, ನೆರಳು ದಟ್ಟವಾಗಿದೆ. ಕಂಡದ್ದು ಮತ್ತೆ ಸ್ಮೃತಿಯಾಗಿ, ಚಿತ್ರಕಾರನ ಅಂತರಂಗದ ಸ್ವತ್ತಾಗಿದೆ.

ಇದರೊಡನೆ ಜೆರೋಮನ (1824–1904) ‘ಹಾವಾಡಿಗ’ವನ್ನು ಹೋಲಿಸಬೇಕು. ಅಲ್ಲಿ ಒಂದೊಂದು ಹೆಂಚೂ ಎಣಿಸುವಷ್ಟು ಸ್ಪಷ್ಟ; ಕುಂಚದ ಗುರುತೇ ಕಾಣದು. ಲಿಂಡಾ ನಾಕ್ಲಿನ್ 1983ರ ತಮ್ಮ ಲೇಖನದಲ್ಲಿ ತೋರಿಸಿದಂತೆ, ಈ ನುಣುಪು ಕಲ್ಪಿತವಾದುದನ್ನು ವಾಸ್ತವವೆಂದು ನಂಬಿಸುತ್ತದೆ. ಈ ದೃಷ್ಟಿಯಿಂದ ರಮ್ಯ ಚಿತ್ರಕಾರನೇ ಹೆಚ್ಚು ಪ್ರಾಮಾಣಿಕ. ತಾನು ನೋಡುತ್ತಿದ್ದೇನೆಂಬುದನ್ನು ಅವನ ಪ್ರತಿಯೊಂದು ಕುಂಚಾಘಾತವೂ ಸಾರುತ್ತದೆ.

ಆದರೂ ಈ ಪ್ರಾಮಾಣಿಕತೆಗೆ ಒಂದು ಮೇರೆಯಿದೆ. ಅದು ನೋಡುವವನ ಆತ್ಮವನ್ನು ಪ್ರಕಟಿಸಿತು. ನೋಡಲ್ಪಟ್ಟವರ ಆತ್ಮವನ್ನು ಮುಟ್ಟಲಿಲ್ಲ. ಆ ಕೋಣೆಯ ಸ್ತ್ರೀಯರು ಏನನ್ನು ನೆನೆಯುತ್ತಿದ್ದರು, ನಗರ ಪರಾಧೀನವಾದುದು ಅವರಿಗೆ ಹೇಗೆ ತೋರಿತು ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಆಲ್ಜೀರಿಯದ ಲೇಖಕಿ ಅಸಿಯಾ ಜೆಬಾರ್ 1980ರ ತಮ್ಮ ಕಥಾಸಂಕಲನಕ್ಕೆ ಈ ಚಿತ್ರದ ಹೆಸರನ್ನೇ ಇಟ್ಟು ಆ ಸ್ತ್ರೀಯರ ಮೌನವನ್ನು ಪ್ರಶ್ನಿಸಿದುದು ಅರ್ಥಪೂರ್ಣವಾಗಿದೆ. ವರ್ಣಸೌಂದರ್ಯವನ್ನು ಮೆಚ್ಚುವುದಕ್ಕೆ ಈ ಪ್ರಶ್ನೆ ಅಡ್ಡಿಯಲ್ಲ. ಆದರೆ ಪ್ರಶ್ನೆಯನ್ನು ಬಿಟ್ಟುಕೊಟ್ಟು ಪಡೆದ ಮೆಚ್ಚುಗೆ ಅಪೂರ್ಣವಾದುದು. ರಮ್ಯತೆಯ ಶಕ್ತಿಯೂ ಮಿತಿಯೂ ಇಲ್ಲಿ ಒಂದೇ ಮೂಲದಿಂದ ಹೊರಟಿವೆ.